ನಾಡಿ ಎಣಿಸಿದ ಮೇಲೆ ಮಾತ್ರೆ

ತಾಯಿಯವರನ್ನು ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ. ಬೆಳಗಿನ ಔಷಧದ ತಟ್ಟೆ ಹಿಡಿದು ಬಂದ ದಾದಿ ಅಮ್ಮನ ಎದೆಗೆ ಸ್ಟೆತಾಸ್ಕೋಪು ಇಟ್ಟು, ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಮಿಕ್ಕ ಮಾತ್ರೆಗಳನ್ನೆಲ್ಲ ಕೊಟ್ಟು ಒಂದನ್ನು ತಟ್ಟೆಯಲ್ಲೇ ಉಳಿಸಿಕೊಂಡಳು.

"ಡಾಕ್ಟರು ಬರೆದ ಔಷಧವನ್ನು ತಡೆಯುವುದಕ್ಕೆ ನೀವು ಯಾರು?" ಎಂದೆ. ಪಾಠ ಹೇಳುವವರ ದುರಭ್ಯಾಸ, ದನಿ ಗಡುಸಾಗಿಯೇ ಇತ್ತು.

"ಐವತ್ತೆರಡು ಇದೆ ಸಾರ್. ಅರವತ್ತಕ್ಕಿಂತ ಕಡಮೆಯಾದರೆ ಕೊಡುವ ಹಾಗಿಲ್ಲ. ಡಾಕ್ಟರನ್ನು ಕೇಳಿಬರುತ್ತೇನೆ" ಎಂದು ಹೊರಟುಹೋದಳು.

ಆ ಮಾತ್ರೆಯ ಹೆಸರು ಡಿಗಾಕ್ಸಿನ್. ಅದರ ವಂಶವೃಕ್ಷವನ್ನು ನಾನು ಹುಡುಕಿ ಓದಿದ್ದು ಆಮೇಲೆ.

ಇಂಗ್ಲೆಂಡಿನ ಬೇಲಿಸಾಲುಗಳಲ್ಲಿ ನೇರಳೆ ಹೂ ಬಿಡುವ ಗಿಡವೊಂದುಂಟು, ಫಾಕ್ಸ್‌ಗ್ಲೋವ್; ಎಂದರೆ ನರಿಯ ಕೈಗವಸು. ಹೂವು ಬೆರಳಿಗೆ ತೊಡಿಸುವಂತಿರುವುದರಿಂದ 1542ರಲ್ಲಿ ಜರ್ಮನಿಯ ಫುಕ್ಸ್ ಎಂಬ ಪಂಡಿತ ಲ್ಯಾಟಿನ್ನಿನ 'ಬೆರಳು' ಶಬ್ದದಿಂದ ಅದಕ್ಕೆ ಡಿಜಿಟಾಲಿಸ್ ಎಂದು ಹೆಸರಿಟ್ಟ. 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನ ಮುಂದೆ ಒಂದು ಮನೆಮದ್ದು ಬಂತು. ಮೈಗೆ ನೀರು ತುಂಬಿ ಊದಿಕೊಂಡವರಿಗೆ ಶ್ರಾಪ್‌ಶೈರಿನ ಮುದುಕಿಯೊಬ್ಬಳು ಕೊಡುತ್ತಿದ್ದದ್ದು. ಇಪ್ಪತ್ತಕ್ಕೆ ಕಡಮೆಯಿಲ್ಲದ ಸೊಪ್ಪುಗಳ ಮಿಶ್ರಣ. ಸಸ್ಯಶಾಸ್ತ್ರ ಬಲ್ಲ ವಿದರಿಂಗನಿಗೆ, ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಒಂದೇ ಎಂದು ಹೊಳೆಯಿತು. ಮುದುಕಿಯ ಹೆಸರನ್ನು ಆತ ಬರೆಯಲಿಲ್ಲ. ಆಕೆಗೊಂದು ಹೆಸರು ಅಂಟಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಔಷಧ ವ್ಯಾಪಾರದವರ ಜಾಹೀರಾತಿನಿಂದ. ಕರ್ತೃವಿಲ್ಲದ ಪದ್ಯಗಳಿಗೆ ಕವಿಗಳು ಹುಟ್ಟಿಕೊಳ್ಳುವುದನ್ನು ಕಂಡಿರುವ ನಮ್ಮಂಥವರಿಗೆ ಇದು ಹೊಸದೇನಲ್ಲ.

ಹತ್ತು ವರ್ಷ ಕಾದು, 1785ರಲ್ಲಿ ವಿದರಿಂಗ್ ಪುಸ್ತಕ ಪ್ರಕಟಿಸಿದ. 150ಕ್ಕೂ ಮಿಕ್ಕ ರೋಗಿಗಳ ವಿವರ ಅದರಲ್ಲಿದೆ. ಗುಣವಾದವರದು ಮಾತ್ರವಲ್ಲ, ಆಗದವರದೂ. ಮೊದಮೊದಲು ತಾನು ಹೆಚ್ಚು ಪ್ರಮಾಣ ಕೊಟ್ಟೆ, ಬೇಗಬೇಗ ಕೊಟ್ಟೆ, ನಿಲ್ಲಿಸಬೇಕಾದಾಗ ನಿಲ್ಲಿಸಲಿಲ್ಲ ಎಂದು ಆತನೇ ಒಪ್ಪಿಕೊಂಡಿದ್ದಾನೆ. ನನಗೆ ದೊಡ್ಡದಾಗಿ ಕಂಡದ್ದು ಔಷಧವಲ್ಲ, ಈ ಒಪ್ಪಿಗೆ. ಮಿತಿಮೀರಿದರೆ ವಾಂತಿ, ತಲೆಸುತ್ತು. ಕಂಡದ್ದೆಲ್ಲ ಹಳದಿ ಇಲ್ಲವೆ ಹಸಿರು. ನಾಡಿ ನಿಮಿಷಕ್ಕೆ 35ರವರೆಗೂ ಇಳಿದೀತು ಎಂದು ಗುರುತು ಹಾಕಿ, ಮೂತ್ರ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದೊಂದರ ಮೇಲೆ ಪರಿಣಾಮ ತೋರಿದರೂ ಕೂಡಲೆ ನಿಲ್ಲಿಸಬೇಕೆಂದು ವಿಧಿಸಿದ. ಸೊಪ್ಪು ಮುಖ್ಯವಾಗಿ ಮೂತ್ರ ಹೊರಡಿಸುತ್ತದೆಂದೇ ಆತನ ಎಣಿಕೆ; ಗುಂಡಿಗೆಯ ಮೇಲಿನ ಅದರ ಶಕ್ತಿಯನ್ನು ಕಂಡೂ ಅದರ ಆಳಕ್ಕೆ ಇಳಿಯಲಿಲ್ಲ.

1930ರಲ್ಲಿ ಅದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಟ್ಟಿತು. ಮಾತ್ರೆಯೊಂದರಲ್ಲಿ ಸಾಮಾನ್ಯವಾಗಿ ಮಿಲಿಗ್ರಾಮಿನ ಕಾಲುಭಾಗ, ಅಷ್ಟೆ. ಗುಣ ಕೊಡುವ ಅಳತೆಗೂ ವಿಷವಾಗುವ ಅಳತೆಗೂ ನಡುವೆ ಅಂತರ ಬಹಳ ಕಿರಿದು. ಮೂತ್ರಪಿಂಡ ಚೆನ್ನಾಗಿದ್ದವರ ಮೈಯಲ್ಲಿಯೇ ಅದು ಅರ್ಧಕ್ಕಿಳಿಯಲು ಸುಮಾರು ಒಂದೂವರೆ ದಿನ ಬೇಕು. ವಯಸ್ಸಾದವರಲ್ಲಿ ಇನ್ನೂ ನಿಧಾನ. ನಿನ್ನೆಯದು ಕರಗುವ ಮುನ್ನ ಇಂದಿನದು ಸೇರುತ್ತದೆ. ನೀರಿಳಿಸುವ ಮಾತ್ರೆಗಳಿಂದ ಪೊಟಾಸಿಯಂ ಕಡಮೆಯಾಗಿದ್ದರಂತೂ ಅಪಾಯ ಹೆಚ್ಚು. ಅಮ್ಮ ಎರಡನ್ನೂ ತಿಂಗಳುಗಟ್ಟಲೆ ನುಂಗುತ್ತಿದ್ದಳು, ನಾನೇ ಎತ್ತಿ ಕೊಡುತ್ತಿದ್ದೆ.

ಅಂದು ದಾದಿ ಮರಳಿ ಬಂದಳು. ಮಾತ್ರೆ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಲು ಡಾಕ್ಟರು ಹೇಳಿದ್ದರು. ನನ್ನ ಕಡೆ ತಿರುಗದೆ ಅಮ್ಮನ ಬಳಿ ಬಾಗಿ, "ಅಜ್ಜಿ, ಊಟ ಸೇರುತ್ತದೆಯೆ? ಕಣ್ಣಿಗೆ ಏನಾದರೂ ಹಳದಿ ಕಾಣುತ್ತದೆಯೆ?" ಎಂದು ಕೇಳಿದಳು.

ಗೋಡೆಗೆಲ್ಲ ಅರಿಸಿನ ಬಳಿದ ಹಾಗಿದೆ ಎಂದು ಅಮ್ಮ ವಾರದಿಂದ ಹೇಳುತ್ತಲೇ ಇದ್ದಳು. ಕಣ್ಣಿಗೆ ಪೊರೆ ಬಂದಿರಬೇಕಮ್ಮ ಎಂದು ನಕ್ಕು ಸುಮ್ಮನಾಗಿಸಿದವನು ನಾನು. ಉತ್ತರ ಕೊಡುವ ಮುಂಚೆ ಆಕೆ ಒಮ್ಮೆ ನನ್ನ ಮುಖ ನೋಡಿದಳು.