ನಮ್ಮ ಮರಳು, ಅವರ ಸಿಸ್ಟಮ್

ಕೋವಿಡ್ ಕಾಲದಲ್ಲಿ ನಾನು ಬೆಂಗಳೂರಿನ ಒಂದು ಎಡ್‌ಟೆಕ್ ಕಂಪನಿಯಲ್ಲಿದ್ದೆ. ಹೆಸರು ಬೇಡ. ಶಾಲೆಗಳಿಗೆ ಬೀಗ, ನಮಗೆ ಸುಗ್ಗಿ. ಒಂದು ದಿನ ಮೀಟಿಂಗಿನಲ್ಲಿ ಹೊಸ ಫೀಚರಿನ ಸ್ಲೈಡ್ ಬಂತು: ಚೆನ್ನಾಗಿ ಕಲಿತ ಮಗು ಇನ್ನೊಂದು ಮಗುವಿಗೆ ಹೇಳಿಕೊಡುತ್ತದೆ, 'ಪಿಯರ್ ಲರ್ನಿಂಗ್'. ಎಲ್ಲರೂ ತಲೆದೂಗಿದೆವು. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು ನಕ್ಕುಬಿಟ್ಟಳು. "ಒಂದನೇ ಕ್ಲಾಸಿನವ್ರಿಗೆ ನಾಲ್ಕನೇ ಕ್ಲಾಸಿನವ್ರ ಕೈಲಿ ಮಗ್ಗಿ ಹೇಳಿಸ್ತಿರ್ಲಿಲ್ವಾ ನಾವು? ಅದಕ್ಕೂ ದುಡ್ಡು ತಗೋತೀರಾ?"

ಆ ಪ್ರಶ್ನೆಯ ಬೆನ್ನು ಹತ್ತಿ ಹೋದವನು ಇನ್ನೂರು ವರ್ಷ ಹಿಂದಕ್ಕೆ ಹೋಗಿ ನಿಂತೆ.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ ಮದರಾಸಿನ ಸೈನಿಕರ ಅನಾಥ ಮಕ್ಕಳ ಶಾಲೆಯ ಹೊಣೆ ಹೊತ್ತ. ಅಲ್ಲಿನ ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ನೋಡಿದ. ತನ್ನ ಶಾಲೆಯಲ್ಲೂ ಅದನ್ನೇ ತಂದ, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದೇ 'ಮದ್ರಾಸ್ ಸಿಸ್ಟಮ್' ಆಯಿತು. ಮರಳನ್ನು ಎಲ್ಲಿ ಕಂಡೆ ಅಂತ ಬೆಲ್ ಬರೆದುಕೊಂಡ, ಆದರೆ ಮಕ್ಕಳಿಂದ ಮಕ್ಕಳಿಗೆ ಕಲಿಸೋದು ತನ್ನದೇ ಶೋಧನೆ ಅಂದ. ಇಂಗ್ಲೆಂಡಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಕಡೆಯವರಿಗೂ ಬೆಲ್ ಕಡೆಯವರಿಗೂ ಇದು ಯಾರದು ಅಂತ ಜಗಳವೇ ನಡೆಯಿತು. ನಮ್ಮ ಕೂಲಿಮಠದ ಅಯ್ಯನವರನ್ನು ಯಾರೂ ಕೇಳಲಿಲ್ಲ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಉತ್ತರ ಬರೆದ: ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು, 235 ಶಾಲೆ ಕನ್ನಡದ್ದು, ಇಂಗ್ಲಿಷಿನದು ಒಂದೇ ಒಂದು. (ಆಗಿನ ಬಳ್ಳಾರಿಯಲ್ಲಿ ಅನಂತಪುರವೂ ಸೇರಿತ್ತು.) ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಇಲ್ಲಿನ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯೇ ಅಂತ ಹೊಗಳಿದ. ಜೊತೆಗೆ ಒಂದು ಕಹಿ ಮಾತನ್ನೂ ಸೇರಿಸಿದ: ಶಾಲೆಗಳು ಕುಗ್ಗುತ್ತಿರುವುದಕ್ಕೆ ಬಡತನವೇ ಕಾರಣ. ಇಂಗ್ಲಿಷ್ ಬಟ್ಟೆ ಬಂದು ನೇಕಾರರು ಸೋತಿದ್ದರು, ಹಣ ದೇಶದಿಂದ ಹೊರಗೆ ಹರಿಯುತ್ತಿತ್ತು, ಹಿಂದೆ ವಿದ್ಯೆಗೆ ಸಿಗುತ್ತಿದ್ದ ರಾಜಾಶ್ರಯ ನಿಂತಿತ್ತು. ಹನ್ನೆರಡು ವರ್ಷದ ನಂತರ, 1835ರಲ್ಲಿ, ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿ ಬರೆದ. ಪದ್ಧತಿ ಹೊರಗೆ ಹೋಯಿತು, ಹಣ ಹೊರಗೆ ಹೋಯಿತು, ನಮಗೆ 'ನಿಮಗೇನೂ ಗೊತ್ತಿಲ್ಲ' ಅನ್ನೋ ಸರ್ಟಿಫಿಕೇಟ್ ಬಂತು.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನಬೇಡಿ. ಆ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60. ಓದುತ್ತಿದ್ದವರು ಇಡೀ ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳೇ ಮಂದಿ. ಅಮ್ಮ ಆವತ್ತು ಹುಟ್ಟಿದ್ದರೆ ಟೀಚರ್ ಆಗೋದಿರಲಿ, ಮರಳಿನ ಹತ್ತಿರವೂ ಬಿಡುತ್ತಿರಲಿಲ್ಲವೇನೋ. ಹಿಂದಕ್ಕೆ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಕಲಿಕೆಯಿಂದ ಹುಟ್ಟಿದ್ದು ಯಾರ ಕೈ ಸೇರುತ್ತದೆ ಅನ್ನೋದು ನನ್ನ ಪ್ರಶ್ನೆ.

ನಮ್ಮ ಆ್ಯಪಿನಲ್ಲಿ ಮಗು ಎಲ್ಲಿ ತಡವರಿಸಿತು, ಯಾವ ಲೆಕ್ಕ ತಪ್ಪಿತು, ಎಷ್ಟು ಹೊತ್ತಿಗೆ ಬೇಜಾರಾಗಿ ಮುಚ್ಚಿತು, ಎಲ್ಲವೂ ದಾಖಲಾಗುತ್ತಿತ್ತು. ಆ ಡ್ಯಾಶ್‌ಬೋರ್ಡ್ ಕಟ್ಟಿದ್ದು ನಾನೇ. ಕಲಿಕೆ ಸುಧಾರಿಸೋದಕ್ಕೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಸೇಲ್ಸ್ ಹುಡುಗರು ಅದನ್ನೇ ಮುಂದಿಟ್ಟುಕೊಂಡು ಅಪ್ಪ-ಅಮ್ಮಂದಿರಿಗೆ ಫೋನ್ ಮಾಡುತ್ತಿದ್ದರು: "ನಿಮ್ ಮಗ ಭಿನ್ನರಾಶಿಯಲ್ಲಿ ಹಿಂದಿದಾನೆ ಸಾರ್." ಭಯಪಟ್ಟವರು ಇಎಂಐಗೆ ಸಹಿ ಹಾಕಿದರು. ಮಗುವಿನ ತಪ್ಪೇ ಕಚ್ಚಾ ಮಾಲು, ಅಪ್ಪನ ಸಾಲವೇ ಲಾಭ. ಬಳ್ಳಾರಿ ಹತ್ತಿ ಹೋಗಿ ಬಟ್ಟೆಯಾಗಿ ವಾಪಸ್ ಬಂದ ಹಾಗೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಒಳ್ಳೆಯದೇ. ಆದರೆ ಕಾಯ್ದೆಗೆ ಮೊದಲೇ ಆ ಕೋಡ್ ಬರೆಯೋ ಟೇಬಲ್ಲಿನಲ್ಲಿ ನಾವಿರುತ್ತೇವೆ. ಯಾಕೆ ಈ ಡೇಟಾ, ಯಾರಿಗೆ ಇದು ಅಂತ ಅಲ್ಲೇ ಕೇಳಬಹುದು. ನಾನು ಕೇಳಲಿಲ್ಲ.

ಅಮ್ಮ ಮಗ್ಗಿ ಹೇಳಿಸುತ್ತಿದ್ದ ಮಕ್ಕಳಲ್ಲಿ ಯಾರು ಎಷ್ಟು ಸಲ ತಪ್ಪಿದರು ಅನ್ನೋದು ಅವಳಿಗೆ ಗೊತ್ತಿತ್ತು. ಸಂಜೆ ಬೆಲ್ ಹೊಡೆದ ಮೇಲೆ ಅದು ಯಾರ ಆಸ್ತಿಯೂ ಆಗಿ ಉಳಿಯುತ್ತಿರಲಿಲ್ಲ.