‘ಸಂಯುಕ್ತ ಕರ್ನಾಟಕ’ ಪತ್ರಿಕೆ ಮತ್ತು ನಮ್ಮ ಸಂಘದ ಕಟ್ಟೆ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದು ಕೊಡ್ರಿ ಎಂದು ಸಂಪಾದಕ ಮಂಡಳಿಯವರು ಹೇಳಿದಾಗ ನಾವು ಸ್ವಲ್ಪ ಅಳುಕಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು ನಾವು. ಇತಿಹಾಸ ಬರೆಯುವಷ್ಟು ಓದಿದವರಲ್ಲ. ಆದರೆ ಹೋದ ವರ್ಷದ ಸರ್ವಸಾಧಾರಣ ಸಭೆಯ ಒಂದು ಮಾತು ನೆನಪಾಯಿತು. "ಎಲ್ಲಾರ ಕೈಯಾಗೂ ಮೊಬೈಲ್ ಐತಿ, ಸಂಘದ ಖರ್ಚಿನ್ಯಾಗ ಪೇಪರ್ ಯಾಕ್ರೀ ಬೇಕು? ಬಂದ್ ಮಾಡ್ರಿ" ಎಂದು ಒಬ್ಬ ಸದಸ್ಯರು ಸೂಚನೆ ತಂದರು. ಪರ-ವಿರೋಧ ಚರ್ಚೆಯಾಗಿ ತೀರ್ಮಾನವನ್ನು ಈ ವರ್ಷದ ಸಭೆಗೆ ಇಡಲಾಯಿತು. ಸಂಘ ಶುರುವಾದಾಗಿನಿಂದ ನಮ್ಮ ಕಟ್ಟೆಗೆ ಬರುತ್ತಿರುವ ಪೇಪರು ‘ಸಂಯುಕ್ತ ಕರ್ನಾಟಕ’. ಅದರ ಹಿಂದಿನ ಕಥೆ ತಿಳಿದುಕೊಂಡು ಆಮೇಲೆ ಠರಾವು ಮಾಡೋಣ ಎಂಬುದೇ ಈ ಲೇಖನದ ಉದ್ದೇಶ.

ಈ ಪತ್ರಿಕೆಯ ಹೆಸರಿನಲ್ಲೇ ಅದರ ಕೆಲಸ ಇತ್ತು. ಅದು ಹುಟ್ಟಿದಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಮುಂಬಯಿ ಸರಕಾರ, ಬಳ್ಳಾರಿ, ಮಂಗಳೂರಿನವರಿಗೆ ಮದ್ರಾಸ್ ಸರಕಾರ, ರಾಯಚೂರು, ಕಲಬುರ್ಗಿ, ಬೀದರದವರಿಗೆ ನಿಜಾಮ, ಮೈಸೂರಿಗೆ ಮಹಾರಾಜರು, ಕೊಡಗು ಬೇರೆ. ಇದಲ್ಲದೆ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಸಣ್ಣ ಸಂಸ್ಥಾನಗಳು. ಒಂದೇ ಭಾಷೆ ಆಡುವ ಬೀಗರು ಬೇರೆ ಬೇರೆ ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣದ ಪರಿಷತ್ತೂ ಕೂಡಿತು. ಆ ಗಾಳಿಯಲ್ಲಿಯೇ ಬೆಳಗಾವಿಯಲ್ಲಿ ‘ಸಂಯುಕ್ತ ಕರ್ನಾಟಕ’ ವಾರಪತ್ರಿಕೆಯಾಗಿ ಹೊರಟು, 1933ರಲ್ಲಿ ದಿನಪತ್ರಿಕೆಯಾಯಿತು. 1930ರ ದಶಕದಲ್ಲಿಯೇ ಹುಬ್ಬಳ್ಳಿಗೆ ಬಂದು ನೆಲೆ ನಿಂತಿತು.

ಇದರ ಹಿಂದೆ ನಿಂತ ದೊಡ್ಡವರು ರಂಗನಾಥ ದಿವಾಕರರು. 1921ರಲ್ಲಿಯೇ ಧಾರವಾಡದಲ್ಲಿ ‘ಕರ್ಮವೀರ’ ವಾರಪತ್ರಿಕೆ ಶುರು ಮಾಡಿದ್ದವರು. ಮುಂದೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿ, ಬಿಹಾರದ ರಾಜ್ಯಪಾಲ, ಹೀಗೆ ದೊಡ್ಡ ದೊಡ್ಡ ಕುರ್ಚಿ ಕಂಡರು. ಆದರೂ ಪತ್ರಿಕೆಯ ನಂಟು ಬಿಡಲಿಲ್ಲ. ಸಂಪಾದಕರಾಗಿ ದುಡಿದು ಅದನ್ನು ಕಟ್ಟಿ ಬೆಳೆಸಿದವರು ಮೊಹರೆ ಹಣಮಂತರಾಯರು.

ಸಹಕಾರಿಗಳಾದ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಬೇರೆ ಇದೆ. ಈ ಪತ್ರಿಕೆಯ ಒಡೆತನ ಯಾವ ಸಾಹುಕಾರರ ಮನೆತನಕ್ಕೂ ಸೇರಲಿಲ್ಲ. 1935ರಲ್ಲಿ ‘ಲೋಕ ಶಿಕ್ಷಣ ಟ್ರಸ್ಟ್’ ಎಂಬ ವಿಶ್ವಸ್ತ ಸಂಸ್ಥೆ ಹುಟ್ಟಿತು. ಪತ್ರಿಕೆ ಅದರ ಕೈಯಲ್ಲಿ ನಡೆಯಿತು. ಜನರಿಗೆ, ಅದರಲ್ಲೂ ಕನ್ನಡ ಜನರಿಗೆ, ತಿಳಿವಳಿಕೆ ಕೊಡುವುದೇ ಟ್ರಸ್ಟಿನ ಧ್ಯೇಯ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಇಂಥದೇ ಬುದ್ಧಿಯಿಂದ. ಹಣ ಒಬ್ಬನ ಪೆಟ್ಟಿಗೆಯಲ್ಲಿ ಇದ್ದರೆ ಸಾಲಗಾರ ಅವನ ಆಳು. ಎಲ್ಲರ ಪೆಟ್ಟಿಗೆಯಲ್ಲಿ ಇದ್ದರೆ ಅವನೂ ಒಬ್ಬ ಸದಸ್ಯ. ಸುದ್ದಿಯ ಮಾತೂ ಹಾಗೆಯೇ.

1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ದೊಡ್ಡ ಗಲಾಟೆಯಾಯಿತು. ಕಡೆಗೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರೂ ಬಂತು. ಪತ್ರಿಕೆ ಹೊತ್ತಿದ್ದ ಹರಕೆ ಬಹುಮಟ್ಟಿಗೆ ತೀರಿತು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಹೊರಗೆ ಉಳಿದ ನೋವು ಮಾತ್ರ ಉಳಿಯಿತು. ಹರಕೆ ತೀರಿತೆಂದು ಪತ್ರಿಕೆ ನಿಲ್ಲಲಿಲ್ಲ. 1956ರಲ್ಲಿಯೇ ಅದೇ ಸಂಸ್ಥೆಯಿಂದ ‘ಕಸ್ತೂರಿ’ ಮಾಸಪತ್ರಿಕೆ ಹೊರಟಿತು. ಪಾವೆಂ ಆಚಾರ್ಯರು ಅದನ್ನು ಮನೆಮನೆಗೆ ಮುಟ್ಟಿಸಿದರು. 1959ರಲ್ಲಿ ಬೆಂಗಳೂರಿನಲ್ಲೂ ‘ಸಂಯುಕ್ತ ಕರ್ನಾಟಕ’ದ ಮುದ್ರಣ ಆರಂಭವಾಯಿತು.

ಇನ್ನೊಂದು ಸ್ವಾರಸ್ಯದ ಸಂಗತಿ. ನಮ್ಮ ಕೆಲಸ ಶಿಕ್ಷಣದ್ದು, ಆದ್ದರಿಂದ ಆದಾಯ ತೆರಿಗೆ ವಿನಾಯಿತಿ ಬೇಕು ಎಂದು ಟ್ರಸ್ಟು ವಾದ ಹೂಡಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1975ರಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಪೇಪರ್ ಓದಿದರೆ ತಿಳಿವಳಿಕೆ ಬರುತ್ತದೆ ನಿಜ, ಊರೂರು ತಿರುಗಿದರೂ ಬರುತ್ತದೆ. ಆದರೆ ತೆರಿಗೆ ಕಾಯಿದೆಯಲ್ಲಿ ಶಿಕ್ಷಣವೆಂದರೆ ಕ್ರಮವಾಗಿ ಕಲಿಸುವ ಶಾಲೆಯ ಶಿಕ್ಷಣ ಎಂಬುದು ತೀರ್ಪಿನ ತಾತ್ಪರ್ಯ.

ಕಾಯಿದೆಯ ಮಾತು ಕಾಯಿದೆಗೆ ಸರಿ. ನಮ್ಮ ಅಜ್ಜ ಮಾತ್ರ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ಶಾಲೆ ಪೇಪರೇ. ಆಗ ನಮ್ಮೂರಲ್ಲಿ ಸಂಘ ಇರಲಿಲ್ಲ. ಬಸ್ಸಿನಲ್ಲಿ ಬಂದ ಪೇಪರು ಚಹಾದ ಅಂಗಡಿಯಲ್ಲಿ ಬೀಳುತ್ತಿತ್ತು. ನಾವು ನಾಲ್ಕನೇ ಇಯತ್ತೆ. "ಓದೋ ತಮ್ಮಾ, ಗಟ್ಟಿಯಾಗಿ ಓದು" ಎಂದು ಅಜ್ಜ ಕೂಡ್ರಿಸುತ್ತಿದ್ದ. 1980ರ ಜುಲೈ 21ರ ನರಗುಂದ-ನವಲಗುಂದ ರೈತ ಬಂಡಾಯದ ಸುದ್ದಿಯನ್ನು ಹಿರಿಯರು ಅದೇ ಬೆಂಚಿನ ಮೇಲೆ ಕೂತು ಕೇಳಿದ್ದರಂತೆ. ಒಮ್ಮೆ ಹೆಸರು ಕೊಳ್ಳಲು ಬಂದ ವ್ಯಾಪಾರಿ ಕಡಿಮೆ ದರ ಹೇಳಿದ. ಅಜ್ಜ ನಮ್ಮ ಕೈಗೆ ಪೇಪರ್ ಕೊಟ್ಟು ಹುಬ್ಬಳ್ಳಿ ಧಾರಣೆ ಓದಿಸಿದ. ವ್ಯಾಪಾರಿ ಸುಮ್ಮನೆ ದರ ಏರಿಸಿದ. ಅಕ್ಷರಕ್ಕೂ ಚೀಲಕ್ಕೂ ಸಂಬಂಧ ಇದೆ ಎಂದು ನಮಗೆ ತಿಳಿದದ್ದು ಅವತ್ತು.

ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲ ವರ್ಷದ ಹಿಂದೆ ಬೆಳೆ ವಿಮೆ ಕಟ್ಟುವ ಕೊನೆಯ ದಿನ ಮುಂದೆ ಹೋಗಿದೆ ಎಂಬ ಸುದ್ದಿ ವಾಟ್ಸಪ್ಪಿನಲ್ಲಿ ಬಂತು. ನಿರ್ದೇಶಕರಾದ ನಾವೇ ಅದನ್ನು ಹತ್ತು ಮಂದಿಗೆ ಕಳಿಸಿದೆವು. ಸುದ್ದಿ ಸುಳ್ಳಾಗಿತ್ತು. ನಮ್ಮನ್ನು ನಂಬಿದ ಮೂವರು ಸದಸ್ಯರು ವಿಮೆ ಕಟ್ಟಲಿಲ್ಲ. ಆ ವರ್ಷ ಮಳೆಯೂ ಕೈಕೊಟ್ಟಿತು. ಖರೇ ದಿನಾಂಕ ಇದ್ದ ಪೇಪರು ಸಂಘದ ಮೇಜಿನ ಮೇಲೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಅವರಲ್ಲೊಬ್ಬರು, "ಇರಲಿ ಬಿಡ್ರಿ ಗೌಡ್ರ, ನೀವು ಬೇಕಂತ ಮಾಡೀರೇನು" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಸುಳ್ಳು ಬರೆದವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಪೇಪರಿನಲ್ಲಿ ತಪ್ಪು ಬರುವುದಿಲ್ಲ ಎಂದಲ್ಲ. ಆದರೆ ಬಂದರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂದು ಪ್ರತಿ ಸಂಚಿಕೆಯಲ್ಲಿ ಅಚ್ಚಾಗಿರುತ್ತದೆ. ನಮ್ಮ ಸಂಘದ ಖಾತೆ ಪುಸ್ತಕದಲ್ಲಿ ಬರೆದವನ ಸಹಿ ಇರುವ ಹಾಗೆ. ಸಹಿ ಇಲ್ಲದ ಚೀಟಿಗೆ ನಮ್ಮ ಕಾರ್ಯದರ್ಶಿಯವರು ಒಂದು ಚೀಲ ಗೊಬ್ಬರ ಕೊಡುವುದಿಲ್ಲ. ಸಹಿ ಇಲ್ಲದ ಸುದ್ದಿಯನ್ನು ಮಾತ್ರ ನಾವು ಹೇಗೆ ನಂಬಿದೆವು?

ಆದ್ದರಿಂದ ನಮ್ಮ ಸೂಚನೆ ಇಷ್ಟೇ. ಪೇಪರ್ ಮುಂದುವರಿಯಲಿ. ಸಂಜೆ ಹೊತ್ತು ಶಾಲೆಯ ಒಬ್ಬ ಹುಡುಗನೋ ಹುಡುಗಿಯೋ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಲಿ. ಕಣ್ಣು ಮಂಜಾದ ಹಿರಿಯರು ಕೇಳಲಿ. ಕೃಷಿ, ವಿಮೆ, ಧಾರಣೆಯ ಸುದ್ದಿ ಕತ್ತರಿಸಿ ನೋಟೀಸ್ ಬೋರ್ಡಿಗೆ ಹಚ್ಚುವ ಕೆಲಸ ನಾವೇ ಮಾಡುತ್ತೇವೆ. ಮೂವರಿಗೆ ಕೊಡಬೇಕಾದ ಬಾಕಿ ನಮ್ಮ ಮೇಲೆ ಇದೆ. ಮುಂದಿನ ಸಭೆಯಲ್ಲಿ ಸದಸ್ಯರು ಯೋಚಿಸಿ ಕೈ ಎತ್ತಬೇಕೆಂದು ಪ್ರಾರ್ಥಿಸುತ್ತೇವೆ.

ಜೈ ಸಹಕಾರ.