ಬರೆದದ್ದು ಬೇರೆ, ಕಂಡರಿಸಿದ್ದು ಬೇರೆ

ಇವತ್ತು ಬಸ್ತಿಹಳ್ಳಿಯಿಂದ ಪೆನ್ ಡ್ರೈವ್‌ವರೆಗೆ ಒಂದು ಪುಟ್ಟ ಪಯಣ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ನೋಡಿದವರಲ್ಲಿ ಎಷ್ಟೋ ಜನ ಹತ್ತಿರದಲ್ಲೇ ಇರೋ ಬಸ್ತಿಹಳ್ಳಿಗೆ ಹೋಗೋದೇ ಇಲ್ಲ. ಅಲ್ಲಿರೋದು ಮೂರು ಬಸದಿ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ತೀರಿಹೋದ ತಂದೆಯ ನೆನಪಿಗೆ ಕಟ್ಟಿಸಿದ್ದು. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಗೆಲುವಾಯ್ತು, ಮಗನೂ ಹುಟ್ಟಿದ. ಹಾಗಾಗಿ ದೇವರು ವಿಜಯ ಪಾರ್ಶ್ವನಾದ. ಇಷ್ಟೂ ನಮಗೆ ಗೊತ್ತಿರೋದು ಅಲ್ಲಿನ ಶಾಸನದಿಂದ.

ಶಾಸನ ಹಾಕಿಸೋದು ಎರಡು ಹಂತದ ಕೆಲಸ. ಒಬ್ಬ ಬರೆಯುತ್ತಿದ್ದ, ರೂವಾರಿ ಉಳಿ ಹಿಡಿದು ಕಂಡರಿಸುತ್ತಿದ್ದ. ಎಷ್ಟೋ ಶಾಸನಗಳ ಕೊನೆಯಲ್ಲಿ ಇಬ್ಬರ ಹೆಸರೂ ಬೇರೆಬೇರೆ ಇರುತ್ತೆ. ಬರೆದಾಯ್ತು ಅಂತ ಉಳಿ ತಾಗೋ ಮೊದಲೇ ಕಲ್ಲು ಎತ್ತಿಕೊಂಡು ಹೋಗಿದ್ದರೆ, ಇವತ್ತು ಓದೋಕೆ ಏನು ಉಳೀತಿತ್ತು?

ಲಿನಕ್ಸ್ ಕಂಪ್ಯೂಟರಲ್ಲೂ ಕತೆ ಇದೇ. ಫೈಲ್ ಕಾಪಿ ಮಾಡ್ತೀರಿ, ಪಟ್ಟಿ 100 ತೋರಿಸುತ್ತೆ. ಆದರೆ ಎಷ್ಟೋ ಸಲ ಫೈಲ್ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇರುತ್ತೆ. ಪೆನ್ ಡ್ರೈವ್ ನಿಧಾನ, ಮೆಮೊರಿ ವೇಗ. ಅದಕ್ಕೇ ಲಿನಕ್ಸ್ ಮೊದಲು ಇಟ್ಟುಕೊಂಡು, ಆಮೇಲೆ ಇಳಿಸುತ್ತೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ದತ್ತಾಂಶ 30 ಸೆಕೆಂಡಿನವರೆಗೂ ಹಾಗೇ ಕಾದಿರಬಹುದು. ಇಳಿಸಿ ಮುಗಿಸೋಕೆ ಇನ್ನೂ ಹೊತ್ತು ಬೇಕು. ಆ ನಡುವೆ ಕಿತ್ತರೆ ಹೆಸರು ಮಾತ್ರ ಉಳಿದು, ಒಳಗೆ ಖಾಲಿ ಇರೋ ಫೈಲ್ ಸಿಗಬಹುದು.

ಈ ಅಭ್ಯಾಸ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದಲ್ಲ. 1971ರ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಮೌಂಟ್, ಯುಮೌಂಟ್ ಎರಡೂ ಇದ್ದವು. ಸೇರಿಸೋಕೆ ಒಂದು, ಬಿಡಿಸೋಕೆ ಒಂದು. ಆಮೇಲೆ ಬಂದ ಸಿಂಕ್ ಆದೇಶ, ಕಾದಿರೋದನ್ನೆಲ್ಲ ಈಗಲೇ ಇಳಿಸು ಅನ್ನುತ್ತೆ. ಹಳೇ ಆಪರೇಟರ್‌ಗಳು ಯಂತ್ರ ನಿಲ್ಲಿಸೋ ಮುಂಚೆ ಅದನ್ನು ಮೂರು ಸಲ ಟೈಪ್ ಮಾಡ್ತಿದ್ದರು. ಯುಮೌಂಟ್ ಇಳಿಸೋದನ್ನೂ ಮುಗಿಸಿ, ಡ್ರೈವನ್ನೂ ಬಿಡಿಸಿಕೊಡುತ್ತೆ. ಇವತ್ತು ಪರದೆ ಮೇಲೆ ಕಾಣೋ ಇಜೆಕ್ಟ್ ಗುರುತು ಒತ್ತಿದರೂ ಹಿಂದೆ ನಡೆಯೋದು ಈ ಕೆಲಸವೇ. ‘ಬಿಜಿ’ ಅಂತ ಬಂದರೆ ಸಿಟ್ಟಾಗಬೇಡಿ. ಅದರೊಳಗಿನ ಯಾವುದೋ ಫೈಲ್ ಇನ್ನೂ ತೆರೆದಿದೆ, ಮುಚ್ಚಿ ಮತ್ತೆ ಒತ್ತಿ.

ಶಾಸನದ ಫೋಟೊ ಹಾಳಾದರೆ ಬಸ್ತಿಹಳ್ಳಿಗೆ ಇನ್ನೊಮ್ಮೆ ಹೋಗಬಹುದು, ಕಲ್ಲು ಅಲ್ಲೇ ಇರುತ್ತೆ. ಊರಿನ ಅಜ್ಜಿ ಹಾಡಿದ ಪದದ ರೆಕಾರ್ಡಿಂಗ್ ಹೋದರೆ? ಅಜ್ಜಿ ಕಲ್ಲಲ್ಲವಲ್ಲ. ‘ಈಗ ತೆಗೆಯಬಹುದು’ ಅನ್ನೋವರೆಗೆ ಒಂದರ್ಧ ನಿಮಿಷ ಕಾಯಿರಿ.